ಚಿನ್ನದ ಪದಕದ ಬದಲು ಒಂದು ರಾಗಿ ಪ್ರಾಜೆಕ್ಟ್: ಸಣ್ಣ ಸಂಶೋಧನೆಗೆ ಹಣ ಕೊಡುವವರಿಗೆ ಕೈಪಿಡಿ

ಮೈಸೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದ ಮಾರನೆಯ ದಿನ ಪತ್ರಿಕೆ ತೆರೆದರೆ ಕೊರಳ ತುಂಬ ಪದಕ ಹಾಕಿಕೊಂಡ ಹುಡುಗಿಯರ ಫೋಟೊ ಇದ್ದೇ ಇರುತ್ತದೆ. ಆ ಪದಕಗಳಲ್ಲಿ ಎಷ್ಟೋ ಯಾರೋ ಪುಣ್ಯಾತ್ಮರು ತಂದೆ-ತಾಯಿಯ ಹೆಸರಿನಲ್ಲಿ ಇಟ್ಟ ದತ್ತಿಯಿಂದ ಬಂದವು. ಒಳ್ಳೆಯ ಕೆಲಸವೇ. ಆದರೆ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ ಟೆಸ್ಟಿಂಗಿಗೆ ದುಡ್ಡು ಸಾಲದೆ ಹದಿನೆಂಟು ಸ್ಯಾಂಪಲ್ ಮಾಡಬೇಕಾದ ಕಡೆ ಆರು ಮಾಡಿ ಮುಗಿಸುವ ವಿದ್ಯಾರ್ಥಿಯ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಪದಕಕ್ಕೆ ದತ್ತಿ ಇಡುವವರು ನೂರಾರು ಜನ ಇದ್ದಾರೆ, ಕೆಮಿಕಲ್ ಬಿಲ್ಲು ಕಟ್ಟುವವರು ಕಡಿಮೆ.

ಈ ಬರಹ ಆ ಎರಡನೆಯ ಕೆಲಸಕ್ಕೆ ಮನಸ್ಸಿರುವವರಿಗೆ: ಐವತ್ತು ಸಾವಿರದಿಂದ ಎರಡು-ಮೂರು ಲಕ್ಷದವರೆಗೆ ಕೂಡಿಸಬಲ್ಲ ಹಳೆ ವಿದ್ಯಾರ್ಥಿಗಳ ಬ್ಯಾಚು, ಕುಟುಂಬದ ಟ್ರಸ್ಟು, ರೈತ ಉತ್ಪಾದಕರ ಕಂಪನಿ, ರಾಗಿ ಮಾಲ್ಟ್ ಮಾಡುವ ಸಣ್ಣ ಉದ್ಯಮಿ. ವಿಷಯ ಸಸ್ಯಾಹಾರದ ಪೌಷ್ಟಿಕತೆ, ಅಂದರೆ ನಮ್ಮ ರಾಗಿ, ಅವರೆ, ಹುರುಳಿ, ಸೊಪ್ಪು. ಇದಕ್ಕೆ ಮೈಸೂರು-ಮಂಡ್ಯಕ್ಕಿಂತ ಅನುಕೂಲದ ಜಾಗ ದೇಶದಲ್ಲಿ ಹೆಚ್ಚಿಲ್ಲ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಸೇರಿಸಿ ಬಹೂಪಯೋಗಿ ಆಹಾರ ಮಾಡಿದ ಊರಿದು. ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಬೆಳೆಸಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ

ಹಣ ಕೊಡುವವರು ಸಾಮಾನ್ಯವಾಗಿ ದೊಡ್ಡ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ‘ಮುದ್ದೆ ತಿಂದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಅಂತ ಪ್ರೂವ್ ಮಾಡಿಸಿ’ ಎಂಬಂಥದ್ದು. ಅದಕ್ಕೆ ನೂರಾರು ಜನ, ತಿಂಗಳುಗಟ್ಟಲೆ ಊಟದ ಲೆಕ್ಕ, ರಕ್ತ ಪರೀಕ್ಷೆ ಎಲ್ಲ ಬೇಕು. ಒಂದು ಲಕ್ಷದಲ್ಲಿ ಅದನ್ನು ಮಾಡಹೊರಟರೆ ಇಪ್ಪತ್ತು ಜನರ ಮೇಲೆ ಅರೆಬರೆ ಕೆಲಸವಾಗಿ, ಯಾರೂ ನಂಬದ ರಿಪೋರ್ಟೊಂದು ಬೀರು ಸೇರುತ್ತದೆ. ಜೊತೆಗೆ ‘ಪ್ರೂವ್ ಮಾಡಿಸಿ’ ಎನ್ನುವಾಗಲೇ ಉತ್ತರ ನೀವೇ ಬರೆದುಕೊಟ್ಟ ಹಾಗಾಯಿತು.

ಸಣ್ಣ ಹಣಕ್ಕೆ ಒಗ್ಗುವ ಪ್ರಶ್ನೆ ಹೇಗಿರುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ.

ಒಂದು ಬಸ್ಸಾರಿನದು. ನಮ್ಮ ಕಡೆ ಸೊಪ್ಪು-ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲೇ ಸಾರು ಮಾಡುತ್ತಾರೆ. ಸೊಪ್ಪು ಪಲ್ಯಕ್ಕೆ. ಬಸಿದ ನೀರನ್ನು ಚೆಲ್ಲುವ ಅಡುಗೆಗೆ ಹೋಲಿಸಿದರೆ ಇದರಲ್ಲಿ ಎಷ್ಟು ಉಳಿಯುತ್ತದೆ? ದಂಟು, ನುಗ್ಗೆ, ಹೊನಗೊನೆ ಈ ಮೂರು ಸೊಪ್ಪಿಗೆ ಸೀಮಿತ ಮಾಡಿ ವಿಟಮಿನ್ ಸಿ ಮತ್ತು ಪೊಟ್ಯಾಸಿಯಂ ಅಳೆಯಬಹುದು. ವಿಟಮಿನ್ ಸಿ ಅಂದಾಜಿಗೆ ಬಣ್ಣದ ದ್ರಾವಣ ಹಾಕಿ ಟೈಟ್ರೇಶನ್ ಮಾಡಿದರೆ ಸಾಕು, ಬಿ.ಎಸ್ಸಿ. ಲ್ಯಾಬಿನಲ್ಲೂ ಆಗುತ್ತದೆ. ಐವತ್ತು ಸಾವಿರ ಈ ಕೆಲಸಕ್ಕೆ ಧಾರಾಳ.

ಇನ್ನೊಂದು ರಾಗಿಯದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಣ ಎಲ್ಲಿ ಖರ್ಚಾಗುತ್ತದೆ, ಎಲ್ಲಿ ವ್ಯರ್ಥವಾಗುತ್ತದೆ ಎನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಹಸುವಿನ ಹಾಲಿನಲ್ಲಿ ಅದು 120ರ ಆಸುಪಾಸು. ರಾಗಿ ಮಾಲ್ಟ್ ಪೊಟ್ಟಣ ಮಾರುವವರೆಲ್ಲ ಹಿಡಿದುಕೊಂಡಿರುವುದು ಇದೇ ಅಂಕಿಯನ್ನು. ಆದರೆ ಕಾಳಿನಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿಯಲ್ಲಿರುವ ಫೈಟೇಟ್, ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ವಸ್ತುಗಳು ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಬರಿಸಿದರೆ ಕಾಳಿನೊಳಗಿನ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಫೈಟೇಟನ್ನು ಒಡೆಯುತ್ತದೆ. ಅಜ್ಜಿಯರು ಮಗುವಿಗೆ ಮೊಳಕೆ ಕಟ್ಟಿದ ರಾಗಿಯ ಸರಿ ಮಾಡುತ್ತಿದ್ದುದರಲ್ಲಿ ಅರ್ಥ ಇತ್ತು. ಇಷ್ಟು ಹಳೆಯ ತಿಳಿವಳಿಕೆ. ಹೊಸದಾಗಿ ಕೇಳಬಹುದಾದದ್ದು: ವಿ.ಸಿ. ಫಾರಂನ ಬಿಳಿ ರಾಗಿ ಕೆಎಂಆರ್-340 ಮತ್ತು ಕಂದು ರಾಗಿ ಕೆಎಂಆರ್-301, ಇವೆರಡನ್ನೂ ಮೊಳಕೆ ಇಲ್ಲದೆ, 24 ಗಂಟೆ, 48 ಗಂಟೆ ಮೊಳಕೆ ಬರಿಸಿದರೆ ದಕ್ಕುವ ಖನಿಜದಲ್ಲಿ ಎಷ್ಟು ವ್ಯತ್ಯಾಸ?

ಇದಕ್ಕೆ ಮನುಷ್ಯರು ಬೇಡ. ಹಿಟ್ಟನ್ನು ಬೇಯಿಸಿ, ಹೊಟ್ಟೆಯ ಹುಳಿಯಷ್ಟೇ ಹುಳಿ ಮಾಡಿ, ಹೊಟ್ಟೆಯ ಕಿಣ್ವ ಪೆಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ಇಡುತ್ತಾರೆ. ಆಮೇಲೆ ಸೋಡಾ ದ್ರಾವಣ ತುಂಬಿದ ತೆಳ್ಳನೆಯ ಡಯಾಲಿಸಿಸ್ ಚೀಲವೊಂದನ್ನು ಅದರೊಳಗೆ ಇಳಿಬಿಟ್ಟು, ಕರುಳಿನ ಕಿಣ್ವ ಸೇರಿಸುತ್ತಾರೆ. ಗೋಡೆ ದಾಟಿ ಚೀಲದೊಳಗೆ ಬಂದಷ್ಟು ಖನಿಜ ಮೈಗೆ ಸಿಗಬಹುದಾದದ್ದು ಎಂಬ ಲೆಕ್ಕ. ದೇಹದೊಳಗೆ ಆಗುವುದು ಇದೇ ಅಲ್ಲ. ಆದರೆ ತಳಿಗೂ ತಳಿಗೂ, ವಿಧಾನಕ್ಕೂ ವಿಧಾನಕ್ಕೂ ಹೋಲಿಸಲು ಸಾಕು.

ಈಗ ಲೆಕ್ಕ ನೋಡಿ. ಎರಡು ತಳಿ, ಮೂರು ಅವಧಿ, ಪ್ರತಿಯೊಂದನ್ನೂ ಮೂರು ಸಲ: 18 ಸ್ಯಾಂಪಲ್. ಒಂದೊಂದರಲ್ಲೂ ಮೂರು ಖನಿಜ, ಒಟ್ಟು ಇರುವುದು ಒಂದು, ದಕ್ಕುವುದು ಒಂದು: 108 ರೀಡಿಂಗ್. ಅಷ್ಟೋತ್ತರ ಶತ! ಹಣ ಕರಗುವುದು ಇಲ್ಲೇ. ಗೈಡ್ ಹತ್ತಿರ ಕೂತಾಗ ಕೇಳಲೇಬೇಕಾದ ಮಾತು: ‘ಮೂರು ಸಲ ಅಂದರೆ ಮೂರು ಬಾರಿ ಬೇರೆ ಬೇರೆಯಾಗಿ ಮೊಳಕೆ ಕಟ್ಟುತ್ತೀರೋ, ಒಂದೇ ಹಿಟ್ಟನ್ನು ಮೂರು ಸಲ ಅಳೆಯುತ್ತೀರೋ?’ ಎರಡನೆಯದಾದರೆ ಅದು ಮೆಷಿನ್ನಿನ ಪರೀಕ್ಷೆ, ರಾಗಿಯದಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಕಣದ ಮಣ್ಣು ಅಂಟಿದ ರಾಗಿಯನ್ನು ಸರಿಯಾಗಿ ತೊಳೆಯದೆ ಪರೀಕ್ಷಿಸಿದರೆ ಕಬ್ಬಿಣದ ಅಂಶ ಏರಿ ಕಾಣುತ್ತದೆ. ಫ್ಲೋರ್ ಮಿಲ್ಲಿನಲ್ಲಿ ಬೀಸಿಸಿದರೆ ಸವೆದ ಲೋಹವೂ ಸೇರಿಕೊಳ್ಳಬಹುದು. ‘ನಮ್ಮ ರಾಗಿಯಲ್ಲಿ ಭಾರಿ ಕಬ್ಬಿಣ’ ಎಂಬ ರಿಪೋರ್ಟು ಬಂದರೆ ಹಿಗ್ಗುವ ಮೊದಲು ತೊಳೆದದ್ದು ಹೇಗೆ, ಬೀಸಿದ್ದು ಎಲ್ಲಿ ಎಂದು ಕೇಳಿ.

ಯಾರ ಬಾಗಿಲಿಗೆ ಹೋಗಬೇಕು

ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಅಧ್ಯಯನ ವಿಭಾಗ ಇದೆ. ಸಣ್ಣ ಹಣಕ್ಕೆ ಮೊದಲ ಬಾಗಿಲು ಅದೇ. ಡಿಸರ್ಟೇಶನ್ (ಪದವಿಯ ಕೊನೆಯ ಪ್ರಬಂಧ) ಮಾಡುವ ವಿದ್ಯಾರ್ಥಿಗಳು ಪ್ರತಿ ವರ್ಷ ಇರುತ್ತಾರೆ, ಗೈಡುಗಳಿಗೆ ವಿಷಯದ ಬರ ಇರುವುದಿಲ್ಲ, ಹಣದ ಬರ ಇರುತ್ತದೆ. ನಗರದ ವಿಜ್ಞಾನ ಕಾಲೇಜುಗಳನ್ನೂ ವಿಚಾರಿಸಬಹುದು. ತಳಿಯ ಶುದ್ಧ ಬೀಜ, ಬೆಳೆದ ಜಮೀನಿನ ವಿವರ ಬೇಕಾದರೆ ವಿ.ಸಿ. ಫಾರಂ. ಅಲ್ಲಿ ಕೃಷಿ ಕಾಲೇಜೂ ಇದೆ. ಪೇಟೆಯಿಂದ ತಂದ ರಾಗಿಯಲ್ಲಿ ಯಾವ ತಳಿ ಎಂದು ದೇವರಿಗೇ ಗೊತ್ತು, ಹಾಗಾಗಿ ಈ ಒಂದು ಪ್ರಯಾಣ ತಪ್ಪಿಸಬೇಡಿ. ನಂಜನಗೂಡು ತಾಲ್ಲೂಕಿನ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ರೈತ ಮಹಿಳೆಯರ ಗುಂಪುಗಳನ್ನು ತಲುಪಲು ಒಳ್ಳೆಯ ದಾರಿ.

ಸಿಎಫ್‌ಟಿಆರ್‌ಐ, 1961ರಲ್ಲಿ ಡಿಎಫ್‌ಆರ್‌ಎಲ್ ಎಂಬ ಹೆಸರಿನಲ್ಲಿ ಶುರುವಾದ ರಕ್ಷಣಾ ಆಹಾರ ಪ್ರಯೋಗಾಲಯ ಕೇಂದ್ರ ಸರ್ಕಾರದ ಲ್ಯಾಬುಗಳು. ಅವಕ್ಕೆ ನಿಮ್ಮ ಒಂದು ಲಕ್ಷದಿಂದ ಆಗಬೇಕಾದದ್ದು ಏನೂ ಇಲ್ಲ. ಆದರೆ ಸಿಎಫ್‌ಟಿಆರ್‌ಐನಲ್ಲಿ ಶುಲ್ಕ ಕಟ್ಟಿ ಸ್ಯಾಂಪಲ್ ಪರೀಕ್ಷೆ ಮಾಡಿಸಬಹುದು. ಆದ್ದರಿಂದ ವಿಭಾಗದವರು ಬಜೆಟ್ಟಿನಲ್ಲಿ ಹೊಸ ಉಪಕರಣ ಕೇಳಿದರೆ ನಯವಾಗಿಯೇ ಬೇಡ ಎನ್ನಿ. ಪಕ್ಕದ ರಸ್ತೆಯಲ್ಲಿ ಇರುವ ಮೆಷಿನ್ನನ್ನು ನಿಮ್ಮ ಹಣದಲ್ಲಿ ಇನ್ನೊಮ್ಮೆ ಕೊಂಡು, ಎರಡು ವರ್ಷದಲ್ಲಿ ಸರ್ವಿಸಿಂಗ್ ಇಲ್ಲದೆ ಅದು ಧೂಳು ಹಿಡಿಯುವುದು ಯಾರಿಗೂ ಬೇಡದ ದಾನ.

ರಾಗಿ ಪ್ರಾಜೆಕ್ಟಿಗೆ ಒಂದು ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ: ಬೀಜ ಮತ್ತು ಸಾಗಣೆಗೆ ₹5,000, ಕೆಮಿಕಲ್, ಕಿಣ್ವ, ಡಯಾಲಿಸಿಸ್ ಚೀಲಕ್ಕೆ ₹35,000, ಖನಿಜದ ರೀಡಿಂಗಿಗೆ ₹30,000, ವಿದ್ಯಾರ್ಥಿಯ ಓಡಾಟ ಮತ್ತು ಗೌರವಧನಕ್ಕೆ ₹15,000, ಕನ್ನಡದ ಕಿರುಹೊತ್ತಗೆಗೆ ₹5,000, ಮಿಕ್ಕ ₹10,000 ಕೆಟ್ಟುಹೋಗುವ ಬ್ಯಾಚಿಗೆ. ಕೆಡುತ್ತದೆ, ಅನುಮಾನ ಬೇಡ. ಮೊಳಕೆಗೆ ಬೂಷ್ಟು ಬರುತ್ತದೆ, ಕರೆಂಟು ಹೋಗುತ್ತದೆ. ಗೌರವಧನದ ಸಾಲನ್ನು ಎಷ್ಟೋ ಜನ ಹೊಡೆದುಹಾಕುತ್ತಾರೆ, ‘ಅವರ ಓದಿಗೆ ಅವರಿಗೇ ಯಾಕೆ ದುಡ್ಡು’ ಎಂದು. ಕೆ.ಆರ್. ಪೇಟೆಯಿಂದಲೋ ಮಳವಳ್ಳಿಯಿಂದಲೋ ದಿನಾ ಬಸ್ಸಿನಲ್ಲಿ ಬರುವ ವಿದ್ಯಾರ್ಥಿ ಮೊಳಕೆಯ 48ನೇ ಗಂಟೆಗೆ ರಾತ್ರಿ ಎಂಟಕ್ಕೆ ಲ್ಯಾಬಿನಲ್ಲಿ ಇರಬೇಕಾದರೆ ಉಳಿದುಕೊಳ್ಳುವ ಖರ್ಚು ಯಾರದು?

ಹಣ ಹೋಗುವ ದಾರಿ

ಒಂದು ಮಾತು ಗಟ್ಟಿಯಾಗಿ: ಹಣವನ್ನು ವಿದ್ಯಾರ್ಥಿಯ ಕೈಗೂ ಗೈಡ್ ಅವರ ಸ್ವಂತ ಖಾತೆಗೂ ಹಾಕಬೇಡಿ. ನಂಬಿಕೆಯ ಪ್ರಶ್ನೆಯಲ್ಲ ಇದು. ನಾಳೆ ಆಡಿಟ್‌ನಲ್ಲಿ ಅವರೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಸರಿಯಾದ ದಾರಿ ವಿಭಾಗದ ಮುಖ್ಯಸ್ಥರಿಗೆ ಪತ್ರ, ಅವರ ಶಿಫಾರಸಿನೊಂದಿಗೆ ಕುಲಸಚಿವರಿಗೆ, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಹಣಕಾಸು ಅಧಿಕಾರಿಯ ಕಚೇರಿ ಹೇಳಿದ ಖಾತೆಗೆ ಚೆಕ್ ಅಥವಾ ಆರ್‌ಟಿಜಿಎಸ್. ಇಂಥ ಕಚೇರಿಗಳಿಗೆ ದತ್ತಿ ಗೊತ್ತು, ಯುಜಿಸಿ ಹಣ ಗೊತ್ತು. ಖಾಸಗಿಯವರ ಸಣ್ಣ ಪ್ರಾಜೆಕ್ಟ್ ಹಣ ಬಂದಾಗ ಕೇಸ್ ವರ್ಕರ್ ಕೇಳುವ ಮೊದಲ ಪ್ರಶ್ನೆ, ‘ಇದನ್ನ ಯಾವ ಹೆಡ್ಡಿಗೆ ಹಾಕ್ಲಿ ಸಾರ್?’ ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇರಲಿ: ಪ್ರಾಜೆಕ್ಟಿನ ಹೆಸರು, ಗೈಡ್ ಹೆಸರು, ಅವಧಿ, ಖರ್ಚಿನ ಬಾಬ್ತುಗಳು, ಮಿಕ್ಕ ಹಣ ಏನಾಗಬೇಕು. ಒಂದೇ ಹಾಳೆ. ಓವರ್‌ಹೆಡ್ (ಆಡಳಿತದ ಖರ್ಚು) ಎಂದು ಹಿಡಿದುಕೊಳ್ಳುವ ಪದ್ಧತಿ ಇದೆಯೇ, ಇದ್ದರೆ ಶೇಕಡಾ ಎಷ್ಟು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಸರ್ಕಾರಿ ವಿಶ್ವವಿದ್ಯಾನಿಲಯದ ಖರೀದಿಗೆ ಅದರದೇ ಕಟ್ಟುಪಾಡು ಉಂಟು. ಕೊಟೇಶನ್ ಕರೆಯುವುದು, ಹೋಲಿಸಿದ ಪಟ್ಟಿ, ಮಂಜೂರಾತಿ. ಕಿಣ್ವದ ಬಾಟಲಿ ಬರುವ ಹೊತ್ತಿಗೆ ಸೆಮಿಸ್ಟರ್ ಅರ್ಧ ಮುಗಿದಿರುವುದು ಈ ಕಾರಣಕ್ಕೇ.

ದತ್ತಿಯೇ ಇಡುತ್ತೇವೆ, ಹೆಸರು ಶಾಶ್ವತವಾಗಿ ಉಳಿಯಬೇಕು ಎನ್ನುವವರೂ ಇದ್ದಾರೆ. ತಪ್ಪೇನಿಲ್ಲ, ಆದರೆ ಲೆಕ್ಕ ಹಾಕಿ. ₹5 ಲಕ್ಷ ಠೇವಣಿಗೆ ಶೇ 6.5 ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ ₹32,500. ಬಸ್ಸಾರಿನ ಪ್ರಾಜೆಕ್ಟನ್ನು ಕೈಬಿಗಿ ಹಿಡಿದು ಮಾಡಬಹುದು, ರಾಗಿಯದು ಆಗುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಕೆಮಿಕಲ್ ಬೆಲೆ ಏರಿರುತ್ತದೆ, ಬಡ್ಡಿ ಅಷ್ಟೇ ಇರುತ್ತದೆ. ಅದೇ ಐದು ಲಕ್ಷವನ್ನು ವರ್ಷಕ್ಕೊಂದು ಲಕ್ಷದಂತೆ ಐದು ಪ್ರಾಜೆಕ್ಟಿಗೆ ಕೊಟ್ಟು ಮುಗಿಸುವುದು ನನ್ನ ಆಯ್ಕೆ. ದತ್ತಿಯೇ ಬೇಕೆಂದರೆ, ಎರಡು ವರ್ಷದ ಬಡ್ಡಿ ಕೂಡಿಸಿ ಒಂದು ಪ್ರಾಜೆಕ್ಟಿಗೆ ಕೊಡುವ ಅವಕಾಶ ದತ್ತಿಪತ್ರದಲ್ಲೇ ಇರುವಂತೆ ನೋಡಿಕೊಳ್ಳಿ.

ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿಸುವವರಿಗೆ ಒಂದು ಎಚ್ಚರಿಕೆ. ಗೆಳೆಯರಲ್ಲಿ ಅಮೆರಿಕದ ಪೌರತ್ವ ಪಡೆದವರಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅವರ ಹಣ ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ. ಅದು ಎಫ್‌ಸಿಆರ್‌ಎ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೋಂದಾಯಿತ ಸಂಸ್ಥೆಯಾದರೂ ಅದನ್ನು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಗೊತ್ತಾದ ಖಾತೆಯಲ್ಲೇ ಪಡೆಯಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಈ ತಕರಾರಿಲ್ಲ. ಹಾಗಾಗಿ ಎಲ್ಲರ ಹಣವನ್ನೂ ಒಬ್ಬರ ಖಾತೆಯಲ್ಲಿ ಕಲಸುವ ಮೊದಲು ಯಾರ ಬಳಿ ಯಾವ ಪಾಸ್‌ಪೋರ್ಟ್ ಎಂದು ಕೇಳಿಕೊಳ್ಳಿ.

ಕಂಪನಿಯವರಾದರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಬಾಗಿಲಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯದಲ್ಲಿ ಸುಸ್ಥಿರ ಅಭಿವೃದ್ಧಿಯ ಗುರಿಗಳಿಗಾಗಿ ಸಂಶೋಧನೆ ಮಾಡುವ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಿಗೆ ಕೊಡುವುದನ್ನೂ ಸೇರಿಸಿದ್ದಾರೆ. ನಂಜನಗೂಡು, ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಕೈಗಾರಿಕೆಗಳ ಎಚ್‌ಆರ್‌ನವರಿಗೆ ಶಾಲೆಗೆ ಬೆಂಚು ಕೊಡುವುದು ರೂಢಿಯಾಗಿದೆ, ಇದು ಹೊಳೆದಿರುವುದಿಲ್ಲ. ಹೇಳಿ ನೋಡಿ.

ಮನುಷ್ಯರಿಗೆ ತಿನ್ನಿಸುವ ಪ್ರಯೋಗವಾದರೆ

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ರೂಪಾಯಿಯೂ ಬಿಡುಗಡೆಯಾಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಇಂತಿಷ್ಟು ದಿನ ಇಂಥದ್ದನ್ನು ತಿನ್ನಿಸಿ ರಕ್ತ ನೋಡುತ್ತೇವೆ ಎಂದರೆ ಕ್ಲಿನಿಕಲ್ ಟ್ರಯಲ್ ನೋಂದಣಿಯೂ ಬೇಕು, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ. ಮಕ್ಕಳಾದರೆ ತಂದೆ-ತಾಯಿಯ ಲಿಖಿತ ಒಪ್ಪಿಗೆ, ತಿಳಿವಳಿಕೆ ಬಂದ ಮಗುವಿನ ಸಮ್ಮತಿ ಎರಡೂ ಬೇಕು. ಹಣ ಕೊಡುವವರು ‘ನಮ್ಮೂರ ಅಂಗನವಾಡಿಯಲ್ಲೇ ಮಾಡಿಬಿಡಿ, ಮೇಡಂ ನಮಗೆ ಪರಿಚಯ’ ಎಂದು ಉಪಕಾರ ಮಾಡಲು ಹೋಗುವುದುಂಟು. ದಯವಿಟ್ಟು ಬೇಡ.

ರುಚಿ ನೋಡಿ ಒಂಬತ್ತರ ಅಳತೆಯಲ್ಲಿ ಅಂಕ ಕೊಡುವ ಪರೀಕ್ಷೆ, ಹಿಂದಿನ ದಿನ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವ ಸಮೀಕ್ಷೆ ಇವು ಸಣ್ಣ ಹಣದಲ್ಲಿ ಆಗುವ ಕೆಲಸ. ಇವಕ್ಕೂ ಸಮಿತಿಯ ಮುಂದೆ ಅರ್ಜಿ ಇಡುವುದು ಕ್ಷೇಮ. ಅಂದಹಾಗೆ ಸಂಪೂರ್ಣ ಸಸ್ಯಾಹಾರದ ವಿಷಯದಲ್ಲಿ ಬಿ12ರ ಪ್ರಶ್ನೆ ತಪ್ಪಿದ್ದಲ್ಲ, ಗಿಡಮೂಲದ ಆಹಾರದಲ್ಲಿ ಅದು ನೆಚ್ಚಿಕೊಳ್ಳುವಷ್ಟು ಇರುವುದಿಲ್ಲ. ಆದರೆ ಬಿ12 ಅಳೆಯಲು ರಕ್ತ ಬೇಕು. ಅದನ್ನು ಮೆಡಿಕಲ್ ಕಾಲೇಜಿನವರಿಗೆ ಬಿಡಿ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್ ಕೊಡುವ ಎರಡು ತಿಂಗಳ ವಿದ್ಯಾರ್ಥಿವೇತನ ಇಂಥ ಸಣ್ಣ ಕೆಲಸಕ್ಕೆಂದೇ ಇದೆ. ಎಂಜಿನಿಯರಿಂಗಿನಲ್ಲಿ ಫುಡ್ ಅಥವಾ ಬಯೊಟೆಕ್ನಾಲಜಿ ಓದುವವರು ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಅರ್ಜಿ ಹಾಕಲಿ. ಬರುವುದು ಕೆಲವೇ ಸಾವಿರ. ನಿಮ್ಮ ಹಣ ಅದರ ಮೇಲೆ ಸೇರಿದರೆ ಕೆಲಸ ಪೂರ್ತಿಯಾಗುತ್ತದೆ.

ಷರತ್ತು ಹಾಕಿ, ಉತ್ತರಕ್ಕೆ ಹಾಕಬೇಡಿ

ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ಸಂಶೋಧಕರದು ಎಂದು ಬರೆದುಕೊಡಿ. ನೀವು ರಾಗಿ ಮಾಲ್ಟ್ ಮಾರುವವರಾದರೆ ಅದು ಪ್ರಬಂಧದಲ್ಲಿ ನಮೂದಾಗಬೇಕು. ಮುಚ್ಚಿಟ್ಟರೆ ಗೈಡ್ ಅವರ ಹೆಸರು ಕೆಡುತ್ತದೆ. ಒಬ್ಬ ವಿದ್ಯಾರ್ಥಿಯ ಹದಿನೆಂಟು ಸ್ಯಾಂಪಲ್ಲನ್ನು ಹಿಡಿದು ‘ವಿಶ್ವವಿದ್ಯಾನಿಲಯದಿಂದ ಪ್ರಮಾಣಿತ’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಆಸೆ ಬೇಡ. ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ, ಸಿಕ್ಕಿಬಿದ್ದರೆ ದಂಡ ನಿಮಗೆ.

ಬದಲಿಗೆ ಎರಡು ವಸ್ತು ಕೇಳಿ. ಒಂದು, ಎಲ್ಲ 108 ರೀಡಿಂಗಿನ ಮೂಲ ಪಟ್ಟಿ ವಿಭಾಗದಲ್ಲಿ ಉಳಿಯಬೇಕು, ಮುಂದಿನ ವರ್ಷದವರು ಅದರ ಮೇಲೆ ಕಟ್ಟಲು. ಎರಡು, ನಾಲ್ಕು ಪುಟದ ಕನ್ನಡ ಸಾರಾಂಶ. ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು ಓದಿ ತಿಳಿಯುವ ಹಾಗೆ: ಎಷ್ಟು ಗಂಟೆ ನೆನೆಸಬೇಕು, ಎಷ್ಟು ಗಂಟೆ ಕಟ್ಟಬೇಕು, ಇದರಿಂದ ಆದ ವ್ಯತ್ಯಾಸ ಎಷ್ಟು, ಯಾವುದು ಇನ್ನೂ ಗೊತ್ತಾಗಿಲ್ಲ. ಶೇಕಡಾ ಹತ್ತರಷ್ಟು ಹಣವನ್ನು ಇದಕ್ಕೇ ತಡೆಹಿಡಿಯಿರಿ. ಅದಕ್ಕಿಂತ ಹೆಚ್ಚು ತಡೆದರೆ ಕೆಮಿಕಲ್ ಕೊಳ್ಳಲು ಹಣವಿಲ್ಲದೆ ಕೆಲಸವೇ ನಿಲ್ಲುತ್ತದೆ. ಕೊನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕೇಳಿ ಪಡೆಯಿರಿ, ದಾನದ ರಸೀದಿಯ ಜೊತೆ ಅದನ್ನೂ ಫೈಲಿನಲ್ಲಿ ಇಡಿ.

ವೇಳೆಯ ವಿಷಯ ಬಾಕಿ ಇದೆ. ಡಿಸರ್ಟೇಶನ್ ಶುರುವಾಗುವ ಸೆಮಿಸ್ಟರಿಗೆ ಹಣ ಖಾತೆಯಲ್ಲಿ ಇರಬೇಕಾದರೆ ಹಿಂದಿನ ಸೆಮಿಸ್ಟರಿನಲ್ಲೇ ಪತ್ರ ಕೊಟ್ಟಿರಬೇಕು. ಇದರ ಮೇಲೆ ಬೆಳೆಯ ಕ್ಯಾಲೆಂಡರ್ ಬೇರೆ. ಮುಂಗಾರಿನ ರಾಗಿ ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಾಗುತ್ತದೆ, ಸೊಗಡಿನ ಅವರೆ ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಅವರೆಕಾಯಿಯ ಪ್ರಾಜೆಕ್ಟಿಗೆ ಮಾರ್ಚಿನಲ್ಲಿ ಮಂಜೂರಾತಿ ಸಿಕ್ಕರೆ ವಿದ್ಯಾರ್ಥಿ ಮಾಡುವುದೇನು? ದಸರಾ ರಜೆಗೆ ಮುಂಚೆ ವಿಭಾಗಕ್ಕೆ ಹೋಗಿ ಮಾತಾಡಿ ಬನ್ನಿ. ಹೋಗುವಾಗ ಚೆಕ್ ಪುಸ್ತಕ ಬೇಡ. ಹೋದ ವರ್ಷದ ಡಿಸರ್ಟೇಶನ್ನುಗಳಲ್ಲಿ ಒಂದೆರಡನ್ನು ತೋರಿಸಿ ಎಂದು ಕೇಳಿ, ಅಲ್ಲೇ ಕೂತು ಕೊನೆಯ ಪುಟಗಳನ್ನು ಓದಿ. ಹಣ ಇದ್ದಿದ್ದರೆ ಏನು ಮಾಡಬಹುದಿತ್ತು ಎಂದು ವಿದ್ಯಾರ್ಥಿಗಳೇ ಅಲ್ಲಿ ‘ಮುಂದಿನ ಅಧ್ಯಯನಕ್ಕೆ ಸಲಹೆಗಳು’ ಎಂಬ ತಲೆಬರಹದಡಿ ಬರೆದಿಟ್ಟಿರುತ್ತಾರೆ.